ಅವ್ವನ ಮೂರನೇ ಕೀಮೋ ಆದ ಮೇಲೆ ಧರ್ಮಸ್ಥಳಕ್ಕೆ ಆರು ದಿನ ನಡೆದದ್ದು

ಹೊರಡುವ ಮುಂಚೆ

ಅಪ್ಪ ಹರಕೆ ಹೊತ್ತಿದ್ದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಅವ್ವನ ಎದೆಯ ಗಂಟಿನ ಬಯಾಪ್ಸಿ ರಿಪೋರ್ಟ್ ಬಂತು, ಕ್ಯಾನ್ಸರ್ ಅಂತ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಪ್ಪ 11 ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದ. ಶಿವರಾತ್ರಿಗೆ ನಡೆದುಕೊಂಡು ಬರ್ತೀನಿ ಅಂತ ಮಂಜುನಾಥ ಸ್ವಾಮಿಗೆ ಮಾತು ಕೊಟ್ಟಿದ್ದ. ನಮಗೆ ಹೇಳಿದ್ದು ಫೆಬ್ರವರಿ ಕೊನೆಗೆ. ಶಿವರಾತ್ರಿ ಇದ್ದದ್ದು ಮಾರ್ಚ್ 8ಕ್ಕೆ. ಅವ್ವನ ಮೂರನೇ ಕೀಮೋ ಆಗಿದ್ದು ಫೆಬ್ರವರಿ 24ಕ್ಕೆ.

ಈ ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಸಿಟ್ಟೇ ಬಂತು. ಕೀಮೋ ಆದ ಒಂದು ವಾರದಿಂದ ಎರಡು ವಾರದ ಒಳಗೆ ರಕ್ತದ ಬಿಳಿ ಕಣಗಳು ತುಂಬಾ ಇಳಿಯುತ್ತವೆ. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ‘ಕೌಂಟ್’ ಅಂತ ಕರೆಯುತ್ತಾರೆ. ಕೌಂಟ್ ಬಿದ್ದಾಗ ಸಣ್ಣ ಸೋಂಕನ್ನೂ ಮೈ ತಡೆಯಲಾರದು. ಜ್ವರ 100.4 ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ ಹೊರಟು ಬನ್ನಿ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಅಕ್ಕ ಆ ಸಂಖ್ಯೆಯನ್ನು ಕೆಂಪು ಪೆನ್ನಿನಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು. ಚಿಕಿತ್ಸೆ ಮುಗಿಯುವವರೆಗೆ ಅವ್ವ ಮೈಸೂರಿನಲ್ಲಿ ಅಕ್ಕನ ಮನೆಯಲ್ಲೇ ಇರಬೇಕು ಅಂತ ತೀರ್ಮಾನ ಆಗಿತ್ತು. 21 ದಿನಕ್ಕೊಂದರಂತೆ ನಾಲ್ಕು ಸಲ ಕೆಂಪು ಬಣ್ಣದ ಕೀಮೋ ಔಷಧಿ, ಆಮೇಲೆ ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಇನ್ನೊಂದು ಕೀಮೋ ಔಷಧಿ, ಆಮೇಲೆ ಆಪರೇಷನ್.

ಇಂಥಾ ಹೊತ್ತಲ್ಲಿ ಅಪ್ಪ ನಡಿಗೆ ಹೊರಡೋದು ಸರಿಯಾ? ಫೋನಿನಲ್ಲಿ ಅವ್ವನನ್ನೇ ಕೇಳಿದೆ. ಬಾಯಿ ತುಂಬಾ ಹುಣ್ಣು, ಮಾತು ತಡೆದು ತಡೆದು ಬರುತ್ತಿತ್ತು.

“ಹೋಗ್ಲಿ ಬಿಡು. ಇಲ್ಲಿ ಕೂತ್ಕೊಂಡು ನನ್ ಮುಖ ನೋಡ್ತಾ ನೋಡ್ತಾ ನಿಮ್ಮಪ್ಪನೇ ಸೊರಗ್ತಾ ಅವ್ನೆ. ಆದ್ರೆ ಒಬ್ನನ್ನೇ ಕಳಿಸ್ಬೇಡ. ನೀನೂ ಹೋಗು.”

ಮಾರ್ಚ್ 3, ಭಾನುವಾರ: ಹಾಸನದಿಂದ ಹಗರೆ

ಬೆಳಗಿನ ಜಾವ ಮೂರಕ್ಕೆ ಹಾಸನ ಬಿಟ್ಟೆವು. ಅಪ್ಪನಿಗೆ 61 ವರ್ಷ. ಹೆಗಲಿಗೆ ಒಂದು ಬಟ್ಟೆ ಚೀಲ, ಅದರಲ್ಲಿ ಎರಡು ಪಂಚೆ, ಒಂದು ಟವೆಲ್, ಕೊಬ್ಬರಿ ಎಣ್ಣೆ ಸೀಸೆ. ಮುಡಿಪು ಅಂಗಿಯ ಒಳಜೇಬಿನಲ್ಲಿ. ಬೆಂಗಳೂರು, ತುಮಕೂರು ಕಡೆಯಿಂದ ನಾಲ್ಕೈದು ದಿನ ಮೊದಲೇ ಹೊರಟವರು ಗುಂಪು ಗುಂಪಾಗಿ ಬರುತ್ತಿದ್ದರು. ಕತ್ತಲೆಯಲ್ಲಿ ಟಾರ್ಚಿನ ಬೆಳಕಿನ ಸಾಲು. ಮುಂದಿನ ಗುಂಪಿನವರು “ಓಂ ನಮಃ ಶಿವಾಯ” ಅಂದರೆ ಹಿಂದಿನವರೂ ಹಾಗೇ ಅನ್ನುತ್ತಾರೆ. ಆ ಧ್ವನಿ ರಸ್ತೆಯುದ್ದಕ್ಕೂ ಹಿಂದಕ್ಕೆ ಹರಿದುಕೊಂಡು ಹೋಗುತ್ತದೆ.

ನಾನು ನಡೆಯುತ್ತಾ ಬೇಡಿಕೊಳ್ಳತೊಡಗಿದೆ. ದೊಡ್ಡ ಪಟ್ಟಿಯೇ ಇತ್ತು. ಗಂಟು ಕರಗಬೇಕು. ಕಂಕುಳಿನ ಗ್ರಂಥಿಯಿಂದ ಆಚೆಗೆ ಹೋಗಬಾರದು. ಆಪರೇಷನ್ ಸಲೀಸಾಗಿ ಆಗಬೇಕು. ಮುಂದೆಂದೂ ಮರಳಿ ಬರಬಾರದು. ಅವ್ವ 80 ವರ್ಷ ಬದುಕಬೇಕು. ಪಟ್ಟಿ ಮುಗಿದ ಮೇಲೆ ಏನೋ ಬಿಟ್ಟುಹೋಯಿತು ಅನ್ನೋ ದಿಗಿಲು. ಎಲ್ಲಾದರೂ ಒಂದು ಮಾತು ಬಿಟ್ಟರೆ ಅಲ್ಲಿಂದಲೇ ಕಾಯಿಲೆ ಒಳಗೆ ನುಗ್ಗಿಬಿಡುತ್ತೇನೋ ಅನ್ನೋ ಹಾಗೆ. ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಡಿಸೆಂಬರಿನಿಂದಲೂ ನನ್ನ ಪ್ರಾರ್ಥನೆ ಅಂದರೆ ಇದೇ ಆಗಿತ್ತು. ಮುಗಿದ ಮೇಲೆ ಮನಸ್ಸು ಹಗುರ ಆಗುವ ಬದಲು ಇನ್ನೂ ಭಾರ ಆಗುತ್ತಿತ್ತು.

ಅಪ್ಪ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಸುಮ್ನೆ ನಡೆಯುತ್ತಿದ್ದ.

ಒಂಬತ್ತಕ್ಕೆಲ್ಲ ಬಿಸಿಲು ಏರಿತು. ಆ ವರ್ಷ ಬರ. ರಸ್ತೆ ಪಕ್ಕದ ಕೆರೆಗಳಲ್ಲಿ ನೀರಿಗಿಂತ ಬಿರುಕೇ ಜಾಸ್ತಿ. ಹಗರೆಯ ಹತ್ತಿರ ಊರಿನವರು ಶಾಮಿಯಾನ ಹಾಕಿ ಮಜ್ಜಿಗೆ ಕೊಡುತ್ತಿದ್ದರು. ಒಬ್ಬ ಹುಡುಗ ಬಂದು ಅಪ್ಪನ ಕಾಲು ಹಿಡಿದು ಎಣ್ಣೆ ತಿಕ್ಕಲು ಕೂತ. ಅಪ್ಪ ಗಾಬರಿಯಾಗಿ ಕಾಲು ಎಳೆದುಕೊಂಡ. “ಕೂತ್ಕಳಿ ಯಜಮಾನ್ರೇ, ನಂಗೆ ನಡೆಯೋಕ್ ಆಗಲ್ಲ, ಇಷ್ಟಾದ್ರೂ ಮಾಡ್ತೀನಿ” ಅಂದ ಹುಡುಗ. ಅಪ್ಪ ಮತ್ತೆ ಕಾಲು ಚಾಚಿದ.

ಅಕ್ಕನ ಮೆಸೇಜ್ ಬಂತು. ಬೆಳಿಗ್ಗೆ 98.2. ಅವ್ವ ಎರಡು ಇಡ್ಲಿ ತಿಂದಳು.

ಮಾರ್ಚ್ 4, ಸೋಮವಾರ: ಬೇಲೂರು ದಾಟಿ

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿ ಒಂದು ಗಂಟೆ ಕೂತಿದ್ದೆವು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿ. ಸಣ್ಣವನಿದ್ದಾಗ ಸ್ಕೂಲಿನಿಂದ ಬಂದಿದ್ದೆ, ಆಗ ಶಿಲಾಬಾಲಿಕೆಯರನ್ನು ಎಣಿಸಿ ಎಣಿಸಿ ಬರೆದುಕೊಂಡಿದ್ದೆ. ಈ ಸಲ ಕಂಬದ ನೆರಳು ಎಷ್ಟು ತಂಪು ಅನ್ನೋದಷ್ಟೇ ಗೊತ್ತಾಯಿತು. ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

ರಾತ್ರಿ ಉಳಿದದ್ದು ರಸ್ತೆ ಬದಿಯ ಒಂದು ಶಾಲೆಯ ಜಗಲಿಯಲ್ಲಿ. ಊಟ ಆದ ಮೇಲೆ ಪಕ್ಕದಲ್ಲಿದ್ದವರು ಯಾಕೆ ಹರಕೆ ಅಂತ ಕೇಳಿದರು. ಅಪ್ಪ ಹೇಳಿದ. ಅದರಲ್ಲಿ ಒಬ್ಬರು ತಕ್ಷಣ ಶುರು ಮಾಡಿದರು. ಕೀಮೋ ಅಂದರೆ ವಿಷ. ಅದನ್ನು ಕೊಟ್ಟೇ ಸಾಯಿಸುತ್ತಾರೆ. ನನಗೊಬ್ಬರು ಗೊತ್ತು, ಬೇರು ಕೊಡುತ್ತಾರೆ, ಮೂರು ತಿಂಗಳಲ್ಲಿ ಗಂಟು ಮಾಯ. ದೇವರನ್ನು ನಂಬಿ ನಡೀತಿದೀರಲ್ಲ, ಪೂರ್ತಿ ನಂಬಿ, ಆಸ್ಪತ್ರೆ ಬಿಟ್ಟುಬಿಡಿ.

ನನಗೆ ಮೈ ಉರಿಯಿತು. ಇಂಥಾ ಮಾತು ನಂಬಿ ಚಿಕಿತ್ಸೆ ನಿಲ್ಲಿಸಿದವರನ್ನು ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನೋಡಿದ್ದೇನೆ. ಆರು ತಿಂಗಳು ಬಿಟ್ಟು ವಾಪಸ್ ಬಂದಿರುತ್ತಾರೆ. ಅಷ್ಟರಲ್ಲಿ ಗಡ್ಡೆ ಚರ್ಮ ಒಡೆದು ಆಚೆ ಬಂದಿರುತ್ತದೆ. ಜಗಳಕ್ಕೆ ಬಾಯಿ ತೆರೆದೆ. ಅಪ್ಪ ಕೈ ಅಡ್ಡ ಇಟ್ಟ.

“ನಾವ್ ಹೋಗ್ತಿರೋ ಕ್ಷೇತ್ರದಲ್ಲಿ ನಾಕು ದಾನ ಐತೆ ಸ್ವಾಮಿ. ಅನ್ನದಾನ, ವಿದ್ಯಾದಾನ, ಔಷಧದಾನ, ಅಭಯದಾನ. ಔಷಧನೂ ಅವನೇ ಕೊಡೋದು. ಬ್ಯಾಡ ಅನ್ನೋಕೆ ನಾನ್ಯಾರು?”

ಅಷ್ಟೇ ಹೇಳಿ ಟವೆಲ್ ಹಾಸಿಕೊಂಡು ಮಲಗಿದ. ಅಪ್ಪ ಇಷ್ಟು ಸ್ಪಷ್ಟವಾಗಿ ಯೋಚಿಸಿ ಇಟ್ಟುಕೊಂಡಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ.

ಜಗಲಿಯ ಆ ತುದಿಯಲ್ಲಿ ಒಬ್ಬ ಹೆಂಗಸು ಎದ್ದು ಕೂತಿದ್ದರು. ಐವತ್ತರ ಆಸುಪಾಸು. ಅಂಥಾ ಸೆಕೆಯಲ್ಲೂ ಎಡಗೈಗೆ ಮಣಿಕಟ್ಟಿನಿಂದ ಭುಜದವರೆಗೆ ಚರ್ಮದ ಬಣ್ಣದ ಬಿಗಿ ತೋಳು ಹಾಕಿಕೊಂಡಿದ್ದರು. ನನಗೆ ಅದೇನು ಅಂತ ತಕ್ಷಣ ತಿಳಿಯಿತು. ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೆಲವರಿಗೆ ಕೈ ಬಾತುಕೊಳ್ಳುತ್ತದೆ, ಅದಕ್ಕೆ ಹಾಕುವ ತೋಳು. ಅವರು ನನ್ನನ್ನೇ ನೋಡುತ್ತಾ ಕೇಳಿದರು:

“ಎಷ್ಟನೇದು ಆಯ್ತಪ್ಪಾ ನಿಮ್ಮ ಅಮ್ಮಂಗೆ?”

“ಮೂರು ಆಯ್ತಮ್ಮಾ.”

“ನರ ಸಿಗ್ತಾ ಐತಾ?”

ಮೂರು ತಿಂಗಳಲ್ಲಿ ಎಷ್ಟೋ ಜನ ಅವ್ವನ ಬಗ್ಗೆ ವಿಚಾರಿಸಿದ್ದಾರೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಮೂರನೇ ಸಲ ಅವ್ವನ ಕೈಯಲ್ಲಿ ನರ ಸಿಗದೆ ಐದು ಕಡೆ ಚುಚ್ಚಿದ್ದರು.

“ನಂಗೆ ಆಗ ದೊಡ್ಡದೇನೂ ಕೇಳೋಕೆ ಬಾಯೇ ಬರ್ತಿರ್ಲಿಲ್ಲ” ಅಂದರು ಆಕೆ. “ಕಾಪಾಡು ಅಂತ ಅನ್ನೋಕೂ ಭಯ. ಕಾಪಾಡ್ದೆ ಹೋದ್ರೆ? ಅದಕ್ಕೇ ಕುರ್ಚಿ ಮೇಲೆ ಕೂತಾಗ ಒಂದೇ ಕೇಳ್ತಿದ್ದೆ. ಸ್ವಾಮಿ, ಇವತ್ತು ಒಂದೇ ಸಲಕ್ಕೆ ನರ ಸಿಗ್ಲಿ.”

“ಸಿಗ್ತಿತ್ತಾ?”

“ಒಂದೊಂದ್ಸಲ.”

ಮಾರ್ಚ್ 5, ಮಂಗಳವಾರ: ಕಾಫಿ ತೋಟಗಳ ನಡುವೆ

ಬೇಲೂರಿನಿಂದ ಮೂಡಿಗೆರೆ ಕಡೆಗೆ ಹೋದ ಹಾಗೆ ನೆರಳು ಹೆಚ್ಚುತ್ತದೆ. ಸಿಲ್ವರ್ ಮರ, ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಹೂಮಳೆ ಬಂದಿರಲಿಲ್ಲ. ನೀರಿದ್ದ ತೋಟದವರು ಸ್ಪ್ರಿಂಕ್ಲರ್ ಹಚ್ಚಿದ್ದರು. ನೀರು ಬಿದ್ದ ಎಂಟು ಹತ್ತು ದಿನಕ್ಕೆ ಹೂವು ಅರಳುತ್ತದೆ. ಒಂದು ತೋಟದಲ್ಲಿ ಗಿಡಗಳೆಲ್ಲ ಬೆಳ್ಳಗೆ, ಮಲ್ಲಿಗೆಯಂಥಾ ವಾಸನೆ ರಸ್ತೆ ತುಂಬಾ. ಅದರ ಪಕ್ಕದ ತೋಟದಲ್ಲಿ ಮೊಗ್ಗು ಹಾಗೇ ಒಣಗಿ ನಿಂತಿತ್ತು.

ಅವ್ವನಿಗೆ ಆ ವಾಸನೆ ಇಷ್ಟ. ಆದರೆ ಮೊದಲ ಕೀಮೋ ಆದ ಮೇಲೆ ಯಾವ ವಾಸನೆಯೂ ಆಗುತ್ತಿಲ್ಲ, ಒಗ್ಗರಣೆಯದೂ ಸಹ. ಫೋಟೋ ಮಾತ್ರ ಕಳಿಸಿದೆ.

ಆ ದಿನ ಪಟ್ಟಿ ಹೇಳಲಿಲ್ಲ. ರಾತ್ರಿಯಿಡೀ ತಲೆಯಲ್ಲಿ ಆ ಹೆಂಗಸಿನ ಮಾತೇ ಇತ್ತು. ನಡೆಯುತ್ತಾ ಒಂದನ್ನೇ ಹೇಳಿಕೊಂಡೆ: ಅವ್ವನ ಬಾಯಿಹುಣ್ಣು ಕಮ್ಮಿಯಾಗಲಿ, ಮಧ್ಯಾಹ್ನ ಗಂಜಿ ಇಳಿಯಲಿ. ಇಷ್ಟು ಸಣ್ಣದನ್ನು ಕೇಳುವುದಕ್ಕೆ ಮೊದಮೊದಲು ನಾಚಿಕೆ ಆಯಿತು. ಆಮೇಲೆ ಹಾಗನ್ನಿಸಲಿಲ್ಲ. ದೊಡ್ಡ ಪಟ್ಟಿ ಹೇಳುವಾಗ ಕಣ್ಣ ಮುಂದೆ ಇರುತ್ತಿದ್ದದ್ದು ಸ್ಕ್ಯಾನ್ ರಿಪೋರ್ಟು. ಈಗ ಅವ್ವನ ಮುಖ ಕಾಣುತ್ತಿತ್ತು.

ಮಾರ್ಚ್ 6, ಬುಧವಾರ: ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ

ಬೆಳಿಗ್ಗೆ ಮೂಡಿಗೆರೆ, ಮಧ್ಯಾಹ್ನ ಬಣಕಲ್. ಸಂಜೆ ಹೊತ್ತಿಗೆ ಕೊಟ್ಟಿಗೆಹಾರ ಮುಟ್ಟಿದೆವು. ಅಲ್ಲಿಂದ ಹತ್ತಿರದಲ್ಲೇ ಜಾವಳಿ, ನಮ್ಮ ಹೇಮಾವತಿ ಹುಟ್ಟುವ ಊರು. ನಮ್ಮ ಹೊಲಕ್ಕೆ ಬರುವುದು ಗೊರೂರು ಅಣೆಕಟ್ಟಿನ ನಾಲೆ ನೀರು. 61 ವರ್ಷ ಆ ನೀರು ಕುಡಿದ ಅಪ್ಪ ಅದು ಹುಟ್ಟುವ ಕಡೆಗೆ ಕೈ ಮುಗಿದು ನಿಂತ. “ಇಲ್ಲಿಂದ ಆಚೆ ಬಿದ್ದ ಮಳೆ ನಮ್ಕಡೆ ಬರಲ್ಲ, ಅಲ್ವಾ?” ಅಂದ. ಹೌದು. ಘಟ್ಟದ ಈ ಕಡೆ ಬಿದ್ದದ್ದು ಕಾವೇರಿ ಸೇರಿ ಮೂಡಣ ಸಮುದ್ರಕ್ಕೆ, ಆ ಕಡೆ ಬಿದ್ದದ್ದು ನೇತ್ರಾವತಿ ಸೇರಿ ಪಡುವಣ ಸಮುದ್ರಕ್ಕೆ.

ರಾತ್ರಿ ಒಂಬತ್ತೂವರೆಗೆ ಅಕ್ಕನ ಫೋನ್.

“ಜ್ವರ 101. ಕಾರಲ್ಲಿದೀವಿ. ನೀನು ಅಪ್ಪಂಗೆ ನಿಧಾನಕ್ಕೆ ಹೇಳು.”

ಕಿವಿಯಲ್ಲಿ ಬೇರೇನೂ ಕೇಳಿಸಲಿಲ್ಲ. ಸುತ್ತ ಭಜನೆ, ಜನ, ಲಾರಿಗಳು. ನಾನು ಅಂಗಡಿಯೊಂದರ ಹಿಂದಕ್ಕೆ ಹೋಗಿ ಗೋಡೆಗೆ ಒರಗಿ ನಿಂತೆ. ಹತ್ತೂಕಾಲಿಗೆ ಮತ್ತೆ ಫೋನ್. ಎಮರ್ಜೆನ್ಸಿಯಲ್ಲಿ ತೆಗೆದುಕೊಂಡರು. ಕೀಮೋ ಕಾರ್ಡು ತೋರಿಸಿದ ತಕ್ಷಣ ಬೇರೆ ಕೋಣೆಗೆ ಹಾಕಿದರು. ರಕ್ತ ತೆಗೆದುಕೊಂಡರು. ರಿಪೋರ್ಟಿಗೆ ಕಾಯದೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಡ್ರಿಪ್ ಹಾಕಿದರು. ಹನ್ನೊಂದೂವರೆಗೆ ಕೌಂಟ್ ಬಂತು. ಒಟ್ಟು ಬಿಳಿ ಕಣ 800. ಸಾಮಾನ್ಯವಾಗಿ 4,000ಕ್ಕಿಂತ ಜಾಸ್ತಿ ಇರಬೇಕು.

ಅಪ್ಪನಿಗೆ ಹೇಳಿದೆ. “ಬಸ್ ಹತ್ತೋಣ ಅಪ್ಪ. ಬೆಳಿಗ್ಗೆ ಮೈಸೂರಲ್ಲಿ ಇರ್ತೀವಿ.”

ಅಪ್ಪ ಚೀಲಕ್ಕೆ ಬಟ್ಟೆ ತುಂಬತೊಡಗಿದ. ಕೈ ನಡುಗುತ್ತಿತ್ತು. ಅಷ್ಟರಲ್ಲಿ ಅಕ್ಕ ಮತ್ತೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದೆ.

“ಬರ್ಬೇಡಿ ಅಪ್ಪ. ಒಬ್ಬರನ್ನೇ ಒಳಗೆ ಬಿಡೋದು, ನಾನಿದೀನಿ. ನೀವಿಬ್ರೂ ನಾಲ್ಕು ದಿನದಿಂದ ಸಾವಿರಾರು ಜನದ ಮಧ್ಯೆ ಇದೀರ. ನಿಮಗೆ ಕೆಮ್ಮು ಬೇರೆ. ಈಗ ಬಂದ್ರೂ ಅವ್ವನ ಹತ್ರ ಬಿಡಲ್ಲ. ಬಿಡಲೂಬಾರದು.”

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: “ಅವ್ಳಿಗೆ ಎಚ್ಚರ ಐತಾ?”

“ಐತೆ. ಮಾತಾಡ್ತಾಳೆ ನೋಡಿ.”

ಅವ್ವನ ಧ್ವನಿ ದೂರದಿಂದ ಬಂದ ಹಾಗಿತ್ತು. “ಎಲ್ಲಿದೀರ?”

“ಕೊಟ್ಟಿಗೆಹಾರ.”

“ಚಳಿ ಐತಾ ಅಲ್ಲಿ?”

“ಐತೆ.”

“ಮಫ್ಲರ್ ಕಟ್ಕೋ.”

ಅಪ್ಪ ಚೀಲದಿಂದ ಬಟ್ಟೆ ಹೊರಗೆ ತೆಗೆದ. ಕತ್ತಲೆಯಲ್ಲಿ ನಾವಿಬ್ಬರೂ ಕೂತಿದ್ದೆವು. ಅವತ್ತು ರಾತ್ರಿ ನಾನು ದೇವರ ಹತ್ತಿರ ಕೇಳಿದ್ದು ಒಂದು ಸಂಖ್ಯೆ. 800 ಅನ್ನೋದು 900 ಆಗಲಿ. ಬೆಳಗಾಗುವುದರೊಳಗೆ ಜ್ವರ ಒಂದು ಡಿಗ್ರಿ ಇಳಿಯಲಿ. 80 ವರ್ಷದ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಭಯ ಹೋಗಲಿಲ್ಲ, ಅದನ್ನು ಮುಚ್ಚಿಡಲ್ಲ. ಭಯದ ಒಳಗೇ ಕೂತು ಕೇಳಿದೆ. ಡಾಕ್ಟರು, ನರ್ಸು, ಅಕ್ಕ ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುತ್ತಿದ್ದರು. ನನ್ನ ಕೈಗೆ ಉಳಿದಿದ್ದ ಕೆಲಸ ಅದೊಂದೇ.

ಮಾರ್ಚ್ 7, ಗುರುವಾರ: ಚಾರ್ಮಾಡಿ ಘಾಟಿ

ಬೆಳಗಿನ ಐದಕ್ಕೆ ಜ್ವರ 100.6. ಇಷ್ಟು ತಿಳಿದುಕೊಂಡು ಹೊರಟೆವು. ಘಾಟಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕೆಳಗೆ ಚಾರ್ಮಾಡಿ ಊರು ಮುಟ್ಟುವವರೆಗೆ ಏನೂ ಗೊತ್ತಾಗುವುದಿಲ್ಲ.

ಅಣ್ಣಪ್ಪ ಸ್ವಾಮಿ ಗುಡಿಯ ಮುಂದೆ ಬಸ್ಸು, ಲಾರಿ ಎಲ್ಲ ನಿಲ್ಲಿಸಿ ಕೈ ಮುಗಿದು ಹೋಗುತ್ತಾರೆ. ಮಂಜುನಾಥನ ಲಿಂಗವನ್ನು ಮಂಗಳೂರಿನ ಕದ್ರಿಯಿಂದ ಒಂದೇ ರಾತ್ರಿಯಲ್ಲಿ ತಂದವನು ಈ ಅಣ್ಣಪ್ಪ ಅಂತ ಕ್ಷೇತ್ರದ ಕತೆ ಹೇಳುತ್ತದೆ. ಅಪ್ಪ ಅಲ್ಲಿ ಕಾಯಿ ಒಡೆಸಿದ. “ಒಂದೇ ರಾತ್ರಿಗೆ ತಂದೋನು ನೀನು” ಅಂದದ್ದು ಮಾತ್ರ ಕೇಳಿಸಿತು. ಮುಂದಿನದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡ.

ಘಾಟಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಕಾಲಿನ ಹೆಬ್ಬೆರಳಿಗೆ ಪೂರ್ತಿ ಭಾರ ಬೀಳುತ್ತದೆ, ಮಂಡಿ ಕಳಚಿದ ಹಾಗಾಗುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣ್ಣು ಹರಿಯುವವರೆಗೆ ಕಾಡು. 2019ರ ಆಗಸ್ಟಿನ ಮಳೆಗೆ ಈ ಗುಡ್ಡಗಳು ಕುಸಿದು ಘಾಟಿ ರಸ್ತೆ ತಿಂಗಳುಗಟ್ಟಲೆ ಬಂದ್ ಆಗಿತ್ತು. ಜರಿದ ಜಾಗದ ಗಾಯ ಇನ್ನೂ ಕಾಣುತ್ತದೆ, ಕೆಂಪು ಮಣ್ಣು, ಅದರ ಮೇಲೆ ಈಗ ಹುಲ್ಲು. ಮಳೆಗಾಲದಲ್ಲಿ ನೂರಾರು ಝರಿ ಇಳಿಯುವ ಬಂಡೆಗಳು ಒಣಗಿ ಕಪ್ಪಗೆ ನಿಂತಿದ್ದವು.

ಮಹಾಮೃತ್ಯುಂಜಯ ಮಂತ್ರ ನನಗೆ ಬಾಯಿಪಾಠ. ಬೆಳಿಗ್ಗೆಯಿಂದ ಅದನ್ನೇ ಹೇಳಿಕೊಂಡು ಇಳಿದೆ. ಹೆಜ್ಜೆಗೊಂದು ಪದ. ಬೇರೆ ಏನು ಯೋಚಿಸಿದರೂ ಮನಸ್ಸು ಆ ಆಸ್ಪತ್ರೆ ಕೋಣೆಗೆ ಓಡುತ್ತಿತ್ತು. ಮಂತ್ರದ ಪದಗಳು ಹಿಡಿದುಕೊಳ್ಳಲು ಕಟಾಂಜನದ ಹಾಗೆ ಇದ್ದವು.

ಘಾಟಿ ಇಳಿದ ಮೇಲೆ ಹೊಳೆಯ ಪಕ್ಕ ಕೂತೆವು. ಬಂಡೆಗಳ ಸಂದಿಯಲ್ಲಿ ಸ್ವಲ್ಪವೇ ನೀರು. ಅಪ್ಪ ಅಲ್ಲಿದ್ದ ಒಬ್ಬರನ್ನು ಈ ಹೊಳೆ ಹೆಸರೇನು ಅಂತ ಕೇಳಿದ.

“ಮೃತ್ಯುಂಜಯ” ಅಂದರು ಅವರು. ಈ ಚಾರ್ಮಾಡಿ ಬೆಟ್ಟದಲ್ಲೇ ಹುಟ್ಟಿ, ಮುಂದೆ ಪಜಿರಡ್ಕದಲ್ಲಿ ನೇತ್ರಾವತಿಗೆ ಸೇರುತ್ತದಂತೆ.

ಅಪ್ಪ ನನ್ನ ಕಡೆ ತಿರುಗಿದ. “ನೀನು ಬೆಳಿಗ್ಗೆಯಿಂದ ಹೇಳ್ತಿದ್ದದ್ದೂ ಅದೇ ಅಲ್ವಾ? ಅದರ ಅರ್ಥ ಏನ್ಲಾ ಮಗಾ?”

ಹೇಳಿದೆ. ಋಗ್ವೇದದ ಏಳನೇ ಮಂಡಲದಲ್ಲಿ ಬರುವ ಮಂತ್ರ. ಮೂರು ಕಣ್ಣಿನ ದೇವರನ್ನು ಪೂಜಿಸುತ್ತೇವೆ. ಸೌತೆಕಾಯಿ ತೊಟ್ಟಿನಿಂದ ಬಿಡಿಸಿಕೊಳ್ಳುವ ಹಾಗೆ ನಮ್ಮನ್ನು ಸಾವಿನಿಂದ ಬಿಡಿಸು, ಅಮೃತದಿಂದ ಬೇರೆ ಮಾಡಬೇಡ.

“ಸೌತೆಕಾಯಾ?”

“ಹೂಂ. ಉರ್ವಾರುಕ ಅಂದ್ರೆ ಸೌತೆ.”

ಅಪ್ಪ ಮೂವತ್ತು ವರ್ಷ ಸೌತೆ ಬೆಳೆದವನು. ಪಾದ ನೀರಿಗೆ ಇಳಿಬಿಟ್ಟುಕೊಂಡು ಯೋಚಿಸಿದ.

“ಎಳೇ ಕಾಯಿ ಕಿತ್ರೆ ತೊಟ್ಟು ಬಿಡಲ್ಲ. ಬಳ್ಳಿನೇ ಎಳ್ಕೊಂಡು ಬರ್ತದೆ. ಹಣ್ಣಾದ್ರೆ ಬೆರಳು ತಾಗಿಸಿದ್ರೆ ಸಾಕು, ತಾನೇ ಕಳಚ್ಕೊತದೆ.” ಸ್ವಲ್ಪ ಹೊತ್ತು ಬಿಟ್ಟು ಹೇಳಿದ: “ಹಂಗಾದ್ರೆ ಅದನ್ನ ಹೇಳ್ದೋರು ಸಾವೇ ಬ್ಯಾಡ ಅಂತ ಕೇಳಿಲ್ಲ. ಹಣ್ಣಾಗೋಗಂಟ ಬಳ್ಳಿಲಿ ಬಿಡು ಅಂತ ಕೇಳವ್ರೆ.”

ನಾನು ಆ ಮಂತ್ರ ಕಲಿತು ಇಪ್ಪತ್ತು ವರ್ಷ ಆಗಿತ್ತು. ಹೀಗೆ ಯೋಚಿಸಿರಲಿಲ್ಲ. ಪಂಡಿತರು ಏನು ಹೇಳುತ್ತಾರೋ, ನನಗೆ ಅವತ್ತಿನಿಂದ ಅದರ ಅರ್ಥ ಇದೇ.

“ನಿಮ್ಮವ್ವಂಗೆ ಐವತ್ನಾಲ್ಕು” ಅಂದ ಅಪ್ಪ. “ಇನ್ನೂ ಕಾಯಿ ಕಣಪ್ಪಾ.”

ಆಗ ಅಪ್ಪ ಅತ್ತ. ಡಿಸೆಂಬರಿನಿಂದ ಅವನು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಹೊಳೆಯ ನೀರನ್ನು ಬೊಗಸೆಯಲ್ಲಿ ತೆಗೆದು ಮುಖಕ್ಕೆ ಹಾಕಿಕೊಂಡ, ಮತ್ತೆ ಮತ್ತೆ. ನಾನು ಪಕ್ಕದಲ್ಲೇ ಕೂತಿದ್ದೆ.

ಚಾರ್ಮಾಡಿ ಊರು ಬಂದಾಗ ಫೋನ್ ಒಂದೇ ಸಮನೆ ಅದುರಿತು. ಹತ್ತು ಗಂಟೆಗೆ ಜ್ವರ 99.8. ಹನ್ನೆರಡಕ್ಕೆ 99.1. ಕೌಂಟ್ 700. ಒಂದು ಇಳಿದಿತ್ತು, ಇನ್ನೊಂದು ಇಳಿಯಬಾರದಿತ್ತು. ಕೌಂಟ್ ಏರಲು ಇನ್ನೂ ಎರಡು ಮೂರು ದಿನ ಬೇಕು, ಆಂಟಿಬಯಾಟಿಕ್ ಹಿಡಿದಿದೆ, ಇದು ಒಳ್ಳೆ ಲಕ್ಷಣ ಅಂತ ಡಾಕ್ಟರು ಹೇಳಿದರಂತೆ. ಅಕ್ಕ ಕೊನೆಗೆ ಬರೆದಿದ್ದಳು: ಈ ಸಲ ಒಂದೇ ಚುಚ್ಚಿಗೆ ನರ ಸಿಕ್ಕಿತು.

ಆ ಸಾಲನ್ನು ನಾನು ಅದೆಷ್ಟು ಸಲ ಓದಿದೆನೋ. ಬಿಗಿ ತೋಳಿನ ಆ ತಾಯಿ ಎಲ್ಲಾದರೂ ಕಂಡರೆ ಹೇಳೋಣ ಅಂತ ಕಕ್ಕಿಂಜೆ, ಮುಂಡಾಜೆವರೆಗೂ ಹುಡುಕಿದೆ. ಸಿಗಲಿಲ್ಲ.

ಮಾರ್ಚ್ 8, ಶುಕ್ರವಾರ: ಧರ್ಮಸ್ಥಳ

ಉಜಿರೆಯಿಂದ ಧರ್ಮಸ್ಥಳದವರೆಗೆ ರಸ್ತೆಯೇ ಕಾಣುವುದಿಲ್ಲ, ಬರೀ ತಲೆಗಳು. ಕರಾವಳಿಯ ಸೆಕೆಗೆ ಅಂಗಿ ಮೈಗೆ ಅಂಟಿತ್ತು. ನೇತ್ರಾವತಿಯ ಸ್ನಾನಘಟ್ಟದಲ್ಲಿ ಮೊಣಕಾಲು ಮಟ್ಟದ ನೀರು. ಮುಳುಗಿ ಎದ್ದೆವು. ಮೃತ್ಯುಂಜಯದ ನೀರೂ ಇದರಲ್ಲೇ ಸೇರಿರುತ್ತದೆ ಅಂತ ಅಪ್ಪ ಮತ್ತೊಂದು ಸಲ ಮುಳುಗಿದ.

ಸಾಲಿನಲ್ಲಿ ಗಂಟೆಗಟ್ಟಲೆ ನಿಂತೆವು. ಗಂಡಸರು ಅಂಗಿ ಬನಿಯನ್ ತೆಗೆದೇ ಒಳಗೆ ಹೋಗಬೇಕು. ಅಪ್ಪನ ಬೆನ್ನು ನನ್ನ ಮುಂದೆಯೇ ಇತ್ತು. ಈ ಮೂರು ತಿಂಗಳಲ್ಲಿ ಅಪ್ಪ ಎಷ್ಟು ಇಳಿದುಹೋಗಿದ್ದಾನೆ ಅಂತ ಆಗಲೇ ಗೊತ್ತಾದದ್ದು. ಪಕ್ಕೆಲುಬು ಎಣಿಸಬಹುದಿತ್ತು. ಅವ್ವನ ತೂಕವನ್ನು ನಾವು ವಾರಕ್ಕೊಮ್ಮೆ ಬರೆದಿಡುತ್ತಿದ್ದೆವು. ಅಪ್ಪನದನ್ನು ಯಾರೂ ನೋಡಿರಲಿಲ್ಲ. ಕಾಯಿಲೆಯವರ ಜೊತೆ ಇರುವವರನ್ನೂ ಯಾರಾದರೂ ಗಮನಿಸಬೇಕು. ಅವ್ವ ಅದನ್ನು ಹಾಸಿಗೆಯಲ್ಲೇ ಮಲಗಿಕೊಂಡು ಗಮನಿಸಿದ್ದಳು.

ಇದು ಶಿವನ ಗುಡಿ. ಪೂಜೆ ಮಾಡುವವರು ವೈಷ್ಣವ ಅರ್ಚಕರು, ಕ್ಷೇತ್ರ ನೋಡಿಕೊಳ್ಳುವುದು ಜೈನ ಮನೆತನ. ಸಾಲಿನಲ್ಲಿ ಪಕ್ಕದವರು ಯಾವ ಊರು, ಯಾವ ಜಾತಿ ಅಂತ ಯಾರೂ ಕೇಳಲಿಲ್ಲ. ಕಾಲಿನ ಬೊಬ್ಬೆ ಒಡೆದಿದೆಯಾ ಅಂತ ಮಾತ್ರ ಕೇಳಿದರು.

ಗರ್ಭಗುಡಿಯ ಎದುರು ಸಿಕ್ಕಿದ್ದು ಎರಡು ಮೂರು ಕ್ಷಣ. ದೀಪ, ಹೂವು, ಅದರ ನಡುವೆ ಲಿಂಗ. ಏನು ಕೇಳಬೇಕು ಅಂತ ಆರು ದಿನ ಯೋಚಿಸಿದ್ದೆ. ಬಾಯಿಂದ ಬಂದದ್ದು “ಅವ್ವ” ಅನ್ನೋ ಒಂದೇ ಪದ. ಹಿಂದಿನಿಂದ ಜನ ತಳ್ಳಿದರು, ಆಚೆ ಬಂದುಬಿಟ್ಟೆವು. ಅಪ್ಪ ಮುಡಿಪನ್ನು ಹುಂಡಿಗೆ ಹಾಕಿದ.

ರಾತ್ರಿಯಿಡೀ ಪಂಚಾಕ್ಷರಿ ಜಪ. ನಡೆದು ಬಂದ ಸಾವಿರಾರು ಜನ ನೆಲದ ಮೇಲೆ, ಮರದ ಕೆಳಗೆ, ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದರು. ನಾನೂ ಹೇಳಿದೆ. ಏನನ್ನೂ ಕೇಳಲಿಲ್ಲ. ಹನ್ನೊಂದರ ಹೊತ್ತಿಗೆ ಅಪ್ಪ ನನ್ನ ಭುಜಕ್ಕೆ ತಲೆ ಒರಗಿಸಿ ನಿದ್ದೆ ಹೋದ. ಜಾಗರಣೆ ಅಂತ ಎಬ್ಬಿಸಬೇಕಿತ್ತೇನೋ. ಎಬ್ಬಿಸಲಿಲ್ಲ. ಬೆಳಗಿನ ಜಾವದವರೆಗೆ ಹಾಗೇ ಕೂತಿದ್ದೆ.

ಮಾರ್ಚ್ 14, ಗುರುವಾರ: ಮೈಸೂರು

ಮಾರ್ಚ್ 9ಕ್ಕೆ ಅವ್ವನ ಕೌಂಟ್ 1,400. 10ಕ್ಕೆ 2,900. 11ಕ್ಕೆ ಮನೆಗೆ ಕಳಿಸಿದರು. ಅಪ್ಪನ ಕೆಮ್ಮು ಪೂರ್ತಿ ಹೋಗುವವರೆಗೆ ನಾವು ಊರಲ್ಲೇ ಉಳಿದೆವು. ಮೈಸೂರಿಗೆ ಹೋದದ್ದು 14ಕ್ಕೆ. ನಾಲ್ಕನೇ ಕೀಮೋವನ್ನು 16ರ ಬದಲು 23ಕ್ಕೆ ಮುಂದೂಡಿದ್ದರು.

ತೀರ್ಥ ತಂದಿದ್ದೆವು. ಕಾಯಿಸದ ನೀರು ಕುಡಿಯುವಂತಿಲ್ಲ ಅಂತ ಅಕ್ಕ ಮೊದಲೇ ಹೇಳಿದ್ದಳು. ಅವ್ವ ಸೀಸೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ತುಳಸಿ ಕಟ್ಟೆಗೆ ಹಾಕಿಸಿದಳು.

“ಏನ್ ಕೇಳ್ಕೊಂಡೆ?” ಅಂತ ಅಪ್ಪನನ್ನು ಕೇಳಿದಳು.

“ಕೇಳೋಕೆ ಎಲ್ ಬಿಟ್ರು. ನಿನ್ ಹೆಸ್ರು ಹೇಳ್ದೆ. ಅಷ್ಟ್ರಲ್ಲಿ ಮುಂದಕ್ ತಳ್ಳಿದ್ರು.”

“ಹೆಸ್ರು ಸರಿಯಾಗ್ ಹೇಳ್ದಾ?”

“ಹೇಳ್ದೆ.”

ಅಪ್ಪ ಗಂಧ ಪ್ರಸಾದವನ್ನು ಉಂಗುರ ಬೆರಳಿಗೆ ತೆಗೆದುಕೊಂಡ. ಅವ್ವ ತಲೆಗೆ ಕಟ್ಟಿದ್ದ ಬಟ್ಟೆ ತೆಗೆದಳು. ಕೂದಲು ಇಲ್ಲದೆ ಹಣೆ ಎಲ್ಲಿ ಮುಗಿಯುತ್ತೆ, ತಲೆ ಎಲ್ಲಿ ಶುರುವಾಗುತ್ತೆ ಅಂತ ಗೊತ್ತಾಗದೆ ಅಪ್ಪನ ಬೆರಳು ಗಾಳಿಯಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಒಂದು ಕಡೆ ಮುಟ್ಟಿದ.

ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು, “ಇನ್ನೂ ಸ್ವಲ್ಪ ಕೆಳಗೆ.”